ಅಕ್ಕಿ ಕಾರ್ಡೇ ಆಸ್ಪತ್ರೆ ಕಾರ್ಡು

ನಮ್ಮ ಬೀದಿಗೆ ದಿನಾ ಸಂಜೆ ಹೂವು ತರುವಾಕೆ ಹೋದ ವರ್ಷ ಮಳೆಗಾಲದಲ್ಲಿ ಮೂರು ವಾರ ಕಾಣಲಿಲ್ಲ. ಮತ್ತೆ ಬಂದಾಗ ಕೊರಳಲ್ಲಿ ಕರಿಮಣಿ ದಾರ ಬಿಟ್ಟರೆ ಬೇರೇನೂ ಇರಲಿಲ್ಲ. ಗಂಡನಿಗೆ ಎದೆನೋವು ಬಂದು ‘ಸ್ಟಂಟ್’ ಹಾಕಿಸಬೇಕಾಯಿತಂತೆ.

“ಬಿಪಿಎಲ್ ಕಾರ್ಡ್ ಇತ್ತಲ್ಲಮ್ಮ?” ಎಂದೆ.

“ಇತ್ತಣ್ಣ. ಕಂಪ್ಯೂಟರಿಗೆ ಹಾಕಿ ನೋಡಿದ್ರೆ ಎಪಿಎಲ್ ಅಂತ ತೋರಿಸ್ತು. ಎರಡು ತಿಂಗಳಿಂದ ಅಕ್ಕಿ ಕೊಟ್ಟಿರ್ಲಿಲ್ಲ. ಸೊಸೈಟೀಲಿ ಸ್ಟಾಕ್ ಇಲ್ವೇನೋ ಅಂದ್ಕೊಂಡು ಸುಮ್ನಿದ್ವಿ.”

ಕೆದಕಿದಾಗ ತಿಳಿದದ್ದಿಷ್ಟು. ಕಾರ್ಡು ಅತ್ತೆಯ ಹೆಸರಿನಲ್ಲಿದೆ. ಅದರಲ್ಲಿ ಈಕೆಯ ಸಂಸಾರವೂ ಇದೆ, ಮೈದುನನೂ ಇದ್ದಾನೆ. ಮನೆ ಬೇರೆಯಾಗಿ ಐದು ವರ್ಷವಾದರೂ ಕಾರ್ಡು ಬೇರೆಯಾಗಿಲ್ಲ. ಮೈದುನ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ, ಸಾಲ ಬೇಗ ಸಿಗುತ್ತದೆಂದು ಯಾರೋ ಹೇಳಿದ ಮಾತು ಕೇಳಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದ್ದ. ಅವನ ಹೆಸರಿನಿಂದ ಇಡೀ ಕಾರ್ಡು ಎಪಿಎಲ್‌ಗೆ ಹೋಯಿತು. ಹೂವಿನಾಕೆಯ ಗಂಡನ ಹೃದಯದ ಲೆಕ್ಕವೂ ಅದರ ಜೊತೆಯಲ್ಲೇ ಹೋಯಿತು.

ಸರ್ಕಾರದ ಉಚಿತ ಚಿಕಿತ್ಸೆಯ ಬಗ್ಗೆ ಜಾಹೀರಾತುಗಳು ಹೇಳುವುದು ಐದು ಲಕ್ಷ ರೂಪಾಯಿಯ ಸುದ್ದಿಯನ್ನು. ಆ ಐದು ಲಕ್ಷ ನಮ್ಮ ಮನೆಗೆ ಸಲ್ಲುತ್ತದೋ ಇಲ್ಲವೋ ಎಂಬುದು ಆಸ್ಪತ್ರೆಗೆ ಕಾಲಿಡುವ ಎಷ್ಟೋ ತಿಂಗಳ ಮೊದಲೇ, ನ್ಯಾಯಬೆಲೆ ಅಂಗಡಿಯ ತಕ್ಕಡಿಯ ಪಕ್ಕದಲ್ಲಿರುವ ಪುಟ್ಟ ಯಂತ್ರದಲ್ಲಿ ತೀರ್ಮಾನವಾಗಿರುತ್ತದೆ. ಆದ್ದರಿಂದ ಈ ಬರಹ ಆಸ್ಪತ್ರೆಯಿಂದ ಶುರುವಾಗದೆ ಪಡಿತರ ಚೀಟಿಯಿಂದ ಶುರುವಾಗುತ್ತದೆ.

ಹೆಸರು ಹಲವು, ಯೋಜನೆ ಒಂದು

ಕರ್ನಾಟಕದಲ್ಲಿ ಮೊದಲು ವಾಜಪೇಯಿ ಆರೋಗ್ಯಶ್ರೀ, ರಾಜೀವ್ ಆರೋಗ್ಯ ಭಾಗ್ಯ ಎಂದು ಬೇರೆ ಬೇರೆ ಯೋಜನೆಗಳಿದ್ದವು. 2018ರ ಮಾರ್ಚ್‌ನಲ್ಲಿ ಅವನ್ನೆಲ್ಲ ಸೇರಿಸಿ ‘ಆರೋಗ್ಯ ಕರ್ನಾಟಕ’ ಮಾಡಿದರು. ಅದೇ ವರ್ಷ ಸೆಪ್ಟೆಂಬರ್ 23ರಂದು ಕೇಂದ್ರದ ಆಯುಷ್ಮಾನ್ ಭಾರತ್ ಶುರುವಾಯಿತು. ಅಕ್ಟೋಬರ್ ಕೊನೆಯಲ್ಲಿ ಎರಡೂ ಒಂದಾದವು. ಹೆಸರಿಗೆ ಒಮ್ಮೆ ಪ್ರಧಾನಿ ಸೇರುತ್ತಾರೆ, ಇನ್ನೊಮ್ಮೆ ಮುಖ್ಯಮಂತ್ರಿ ಸೇರುತ್ತಾರೆ. ಜನ ಮಾತ್ರ ಎಲ್ಲಕ್ಕೂ ‘ಆಯುಷ್ಮಾನ್ ಕಾರ್ಡು’ ಎನ್ನುತ್ತಾರೆ. ನಡೆಸುವವರು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನವರು. ನಡುವೆ ಖಾಸಗಿ ವಿಮಾ ಕಂಪನಿಯಿಲ್ಲ. ಆಸ್ಪತ್ರೆಗೆ ಹಣ ಕೊಡುವುದು ಈ ಟ್ರಸ್ಟ್.

ಕೇಂದ್ರದ ಯೋಜನೆ ಮೊದಲಿಗೆ ಬಡವರನ್ನು ಗುರುತಿಸಿದ್ದು 2011ರ ಸಾಮಾಜಿಕ-ಆರ್ಥಿಕ ಜಾತಿ ಗಣತಿಯ ಪಟ್ಟಿಯಿಂದ. ಆ ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ಎಂದು ಹಳ್ಳಿಯವರು ಹುಡುಕುವುದೆಲ್ಲಿ? ಕರ್ನಾಟಕ ಇಲ್ಲೊಂದು ಒಳ್ಳೆಯ ಕೆಲಸ ಮಾಡಿತು. ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಅಥವಾ ಅಂತ್ಯೋದಯ ಪಡಿತರ ಚೀಟಿ ಇರುವ ಎಲ್ಲ ಕುಟುಂಬಗಳೂ ಅರ್ಹ ಎಂದಿತು. ಅಂದರೆ ಬಿಪಿಎಲ್ ಕಾರ್ಡು ಇದ್ದರೆ ಆಯಿತು, ಬೇರೆ ಪರೀಕ್ಷೆ ಇಲ್ಲ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಮನೆಯಲ್ಲಿ ಎಷ್ಟು ಜನರಿದ್ದರೂ ಸೈ, ಎಷ್ಟು ವಯಸ್ಸಾದವರಿದ್ದರೂ ಸೈ. ಮೊದಲೇ ಇರುವ ಸಕ್ಕರೆ ಕಾಯಿಲೆ, ಹೃದ್ರೋಗ ಎಂದು ತಳ್ಳಿಹಾಕುವಂತಿಲ್ಲ. ಖಾಸಗಿ ವಿಮೆಯಲ್ಲಿ ಎರಡು-ಮೂರು ವರ್ಷ ಕಾಯಿಸುವಂತೆ ಇಲ್ಲಿ ಕಾಯಿಸುವುದೂ ಇಲ್ಲ.

ಬಿಪಿಎಲ್ ಯಾರಿಗೆ?

ಈ ಪ್ರಶ್ನೆಗೆ ನಮ್ಮ ಕಟ್ಟೆ ಪಂಚಾಯಿತಿಗಳಲ್ಲಿ ಬಗೆಬಗೆಯ ಉತ್ತರ ಸಿಗುತ್ತದೆ. “ಟಿವಿ ಇದ್ರೆ ಹೋಗುತ್ತಂತೆ”, “ಬೈಕ್ ಇದ್ರೆ ಕಟ್ಟಂತೆ” ಎಂದು. ನಿಯಮದಲ್ಲಿರುವುದು ಬೇರೆ. ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು. ಸರ್ಕಾರಿ, ಅನುದಾನಿತ, ನಿಗಮ-ಮಂಡಳಿಗಳ ಖಾಯಂ ನೌಕರರು ಮನೆಯಲ್ಲಿರಬಾರದು. ಆದಾಯ ತೆರಿಗೆ ಕಟ್ಟುವವರಿರಬಾರದು. ಹಳ್ಳಿಯಲ್ಲಾದರೆ ಮೂರು ಹೆಕ್ಟೇರ್, ಅಂದರೆ ಸುಮಾರು ಏಳೂವರೆ ಎಕರೆ ಒಣಭೂಮಿಗಿಂತ ಹೆಚ್ಚು ಇರಬಾರದು. ನೀರಾವರಿಯಾದರೆ ಅದಕ್ಕೆ ಸರಿಸಮನಾಗಿ ಕಡಿಮೆ. ಪಟ್ಟಣದಲ್ಲಾದರೆ ಸಾವಿರ ಚದರ ಅಡಿ ಮೀರಿದ ಸ್ವಂತ ಪಕ್ಕಾ ಮನೆ ಇರಬಾರದು. ಸ್ವಂತಕ್ಕೆಂದು ಇಟ್ಟುಕೊಂಡ ನಾಲ್ಕು ಚಕ್ರದ ವಾಹನ ಇರಬಾರದು. ಹೊಟ್ಟೆಪಾಡಿಗೆ ತಾನೇ ಓಡಿಸುವ ಒಂದು ಟ್ಯಾಕ್ಸಿ ಅಥವಾ ಗೂಡ್ಸ್ ಗಾಡಿಗೆ ವಿನಾಯಿತಿ ಇದೆ. ಹಳದಿ ಬೋರ್ಡಿನ ಗಾಡಿ ಇಟ್ಟುಕೊಂಡ ಎಷ್ಟೋ ಚಾಲಕರು ಇದು ಗೊತ್ತಿಲ್ಲದೆ ಅರ್ಜಿಯನ್ನೇ ಹಾಕಿರುವುದಿಲ್ಲ.

ಈ 1.20 ಲಕ್ಷದ ಗೆರೆಯ ಬಗ್ಗೆ ನನ್ನದೊಂದು ತಕರಾರಿದೆ. ತಿಂಗಳಿಗೆ ಹತ್ತು ಸಾವಿರ ಎಂದಾಯಿತು. ಗಂಡ ಗಾರೆ ಕೆಲಸಕ್ಕೆ, ಹೆಂಡತಿ ಮನೆಗೆಲಸಕ್ಕೆ ಹೋದರೆ ಬೆಂಗಳೂರಿನಲ್ಲಿ ಅದು ದಾಟಿಹೋಗುತ್ತದೆ. ದಾಟಿದ ಮಾತ್ರಕ್ಕೆ ಅವರು ಆಂಜಿಯೋಪ್ಲಾಸ್ಟಿಯ ಖರ್ಚು ಹೊರುವಷ್ಟು ಸ್ಥಿತಿವಂತರಾಗಿಬಿಡುತ್ತಾರೆಯೇ? ಗೆರೆ ಎಳೆದದ್ದು ಅಕ್ಕಿಗಾಗಿ. ಅದೇ ಗೆರೆಯನ್ನು ಆಸ್ಪತ್ರೆಗೂ ಎಳೆದಿದ್ದೇವೆ. ಆದರೆ ಇವತ್ತು ಕಿಟಕಿಯ ಆಚೆ ಕೂತವರು ನೋಡುವುದು ಈ ಗೆರೆಯನ್ನೇ. ಹಾಗಾಗಿ ಅದರ ಈಚೆ ಇರುವವರು ಕಾಗದ ಗಟ್ಟಿಯಾಗಿಟ್ಟುಕೊಳ್ಳಬೇಕು.

ಆದಾಯ ಪ್ರಮಾಣಪತ್ರ ಸಿಗುವುದು ನಾಡಕಚೇರಿಯಲ್ಲಿ. ಗ್ರಾಮ ಒನ್ ಕೇಂದ್ರದಿಂದಲೂ ಅರ್ಜಿ ಹಾಕಬಹುದು. ಅದಕ್ಕೂ ಅವಧಿ ಇರುತ್ತದೆ. ಮಗಳ ವಿದ್ಯಾರ್ಥಿವೇತನಕ್ಕೆಂದು ಎಂದೋ ಮಾಡಿಸಿದ್ದನ್ನು ಇವತ್ತು ಹೊರತೆಗೆದರೆ ಅದು ಸತ್ತುಹೋಗಿರಬಹುದು. ಮೇಲಿನ ದಿನಾಂಕ ನೋಡಿ.

ಇನ್ನು ಹೊಸ ಬಿಪಿಎಲ್ ಕಾರ್ಡಿಗೆ ಅರ್ಜಿ ಹಾಕುವ ಕಿಂಡಿ ಸದಾ ತೆರೆದಿರುವುದಿಲ್ಲ. ತೆರೆದ ದಿನ ‘ಸರ್ವರ್ ಡೌನ್’. ಚಿಕಿತ್ಸೆಯ ತುರ್ತು ಇರುವವರ ಅರ್ಜಿಯನ್ನು ಆದ್ಯತೆಯ ಮೇಲೆ ನೋಡುವ ಪದ್ಧತಿ ಆಹಾರ ಇಲಾಖೆಯಲ್ಲಿದೆ. ಆಸ್ಪತ್ರೆಯ ವೈದ್ಯರ ಚೀಟಿ, ಪರೀಕ್ಷೆಯ ವರದಿ ಹಿಡಿದು ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ನೇರವಾಗಿ ಹೋಗಬೇಕು. ಸೈಬರ್ ಸೆಂಟರಿನವನಿಗೆ ದುಡ್ಡು ಕೊಟ್ಟು ಕಾಯುತ್ತ ಕೂರಬೇಡಿ.

ಕಾರ್ಡಿನೊಳಗೆ ಯಾರಿದ್ದಾರೆ?

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಈ ಯೋಜನೆಯ ಕಣ್ಣಿಗೆ ಕುಟುಂಬ ಎಂದರೆ ಒಂದೇ ಒಲೆಯಲ್ಲಿ ಅನ್ನ ಉಣ್ಣುವವರಲ್ಲ, ಒಂದೇ ಪಡಿತರ ಚೀಟಿಯಲ್ಲಿ ಹೆಸರಿರುವವರು. ನಮ್ಮ ಸಂಸಾರಗಳು ಬೆಳೆಯುವ, ಒಡೆಯುವ ವೇಗಕ್ಕೆ ಕಾರ್ಡು ಹೆಜ್ಜೆ ಹಾಕುವುದಿಲ್ಲ.

ಮದುವೆಯಾಗಿ ನಾಲ್ಕು ವರ್ಷವಾದರೂ ಸೊಸೆಯ ಹೆಸರು ತವರಿನ ಕಾರ್ಡಿನಲ್ಲೇ ಇರುತ್ತದೆ. ಅಲ್ಲಿ ಆಕೆಯ ಪಾಲಿನ ಅಕ್ಕಿ ಬರುತ್ತಿರುತ್ತದೆ, ತೆಗೆಸಲು ಅಮ್ಮನಿಗೆ ಮನಸ್ಸಿಲ್ಲ. ಇಲ್ಲಿ ಸೇರಿಸಬೇಕೆಂದರೆ ಅಲ್ಲಿ ತೆಗೆಸಲೇಬೇಕು. ಮಗು ಹುಟ್ಟಿ ಶಾಲೆಗೆ ಹೋಗುವ ಹೊತ್ತಾದರೂ ಹೆಸರು ಸೇರಿರುವುದಿಲ್ಲ. ಸತ್ತ ಅಜ್ಜನ ಹೆಸರು ಮಾತ್ರ ಇನ್ನೂ ಇರುತ್ತದೆ! ಇದಕ್ಕೆಲ್ಲ ಬೇಕಾದದ್ದು ಮದುವೆ ನೋಂದಣಿ ಅಥವಾ ಗಂಡನ ಹೆಸರಿರುವ ಆಧಾರ್, ಮಗುವಿನ ಜನನ ಪ್ರಮಾಣಪತ್ರ, ಅಜ್ಜನ ಮರಣ ಪ್ರಮಾಣಪತ್ರ. ತಿದ್ದುಪಡಿಗೆ ಕಾಲ ಕೊಟ್ಟಾಗ ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರಗಳಲ್ಲಿ ಮಾಡಿಸಿಕೊಳ್ಳಬಹುದು.

ಎರಡನೆಯದು ಹೆಸರಿನ ಕಾಟ. ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಡಿತರ ಚೀಟಿಯಲ್ಲಿ ಲಕ್ಷ್ಮಿದೇವಮ್ಮ, ಓಟಿನ ಚೀಟಿಯಲ್ಲಿ ಬರೀ ಲಕ್ಷ್ಮಿ. ಊರಿಗೆಲ್ಲ ಒಬ್ಬಳೇ ಆದರೂ ಕಂಪ್ಯೂಟರಿಗೆ ಮೂವರು. ಹುಟ್ಟಿದ ವರ್ಷವೂ ಒಂದೊಂದರಲ್ಲಿ ಒಂದೊಂದು. ಆಧಾರ್‌ನಲ್ಲಿರುವುದನ್ನು ಸರಿ ಎಂದು ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಸುಲಭದ ದಾರಿ. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರು ಈಗಲೂ ಚಾಲ್ತಿಯಲ್ಲಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಒಟಿಪಿ ಹೋಗುವುದು ಅದಕ್ಕೇ. ಗದ್ದೆ ಕೆಲಸ, ಬೀಡಿ ಕೆಲಸ ಮಾಡಿ ಹೆಬ್ಬೆಟ್ಟಿನ ಗೆರೆ ಸವೆದವರಿಗೆ ಯಂತ್ರ ಒಪ್ಪುವುದು ಕಷ್ಟ. ಅಂಥವರಿಗೆ ಒಟಿಪಿಯೋ ಕಣ್ಣಿನ ಪಾಪೆಯೋ ಆಸರೆ.

ಮೂರನೆಯದು ಹೂವಿನಾಕೆಯ ಕಥೆ. ಒಟ್ಟು ಕುಟುಂಬದ ಕಾರ್ಡಿನಲ್ಲಿ ಒಬ್ಬನ ಸ್ಥಿತಿ ಸುಧಾರಿಸಿದರೆ ಉಳಿದವರೆಲ್ಲ ಅವನ ಜೊತೆ ‘ಶ್ರೀಮಂತ’ರಾಗುತ್ತಾರೆ. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಬಹಳಷ್ಟು ಬಿಪಿಎಲ್ ಕಾರ್ಡುಗಳು ಒಮ್ಮೆಲೇ ರದ್ದಾಗಿಯೋ ಎಪಿಎಲ್ ಆಗಿಯೋ ಗದ್ದಲವೆದ್ದಿತು. ಕೊನೆಗೆ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ಮರಳಿಸಲು ಸರ್ಕಾರ ಸೂಚಿಸಿತು. ಇಂಥ ಪರಿಶೀಲನೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಆದ್ದರಿಂದ ನಿಜವಾಗಿ ಬೇರೆ ಬಾಳುತ್ತಿದ್ದರೆ ಕಾರ್ಡೂ ಬೇರೆಯಾಗಲಿ. ಒಂದು ತಿಂಗಳು ಅಕ್ಕಿ ಬರದಿದ್ದರೆ ಸುಮ್ಮನಿರದೆ, ಸೊಸೈಟಿಯಲ್ಲಿ “ಕಾರ್ಡು ಯಾವ ವರ್ಗ ತೋರಿಸ್ತಿದೆ?” ಎಂದು ಕೇಳಿ. ತಪ್ಪಾಗಿ ಬದಲಾಗಿದ್ದರೆ ಆಹಾರ ಶಾಖೆಯಲ್ಲಿ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಪಡಿತರ ಚೀಟಿಯ ಇ-ಕೆವೈಸಿ ಮನೆಮಂದಿಯೆಲ್ಲರದೂ ಆಗಿರಬೇಕು. ಬೆಂಗಳೂರಿಗೆ ದುಡಿಯಲು ಬಂದ ಮಗ, ಹಾಸ್ಟೆಲಿನಲ್ಲಿರುವ ಮಗಳು ಹೆಬ್ಬೆಟ್ಟು ಒತ್ತದೆ ಉಳಿದುಬಿಡುತ್ತಾರೆ. ಜಾತ್ರೆಗೋ ಹಬ್ಬಕ್ಕೋ ಊರಿಗೆ ಬಂದಾಗ ಮೊದಲು ಸೊಸೈಟಿಗೆ ಕರೆದುಕೊಂಡು ಹೋಗಿ, ಆಮೇಲೆ ಒಬ್ಬಟ್ಟು ಬಡಿಸಿ.

ಆಯುಷ್ಮಾನ್ ಕಾರ್ಡೂ ಆಭಾ ಕಾರ್ಡೂ

ಪಡಿತರ ಚೀಟಿ ಸರಿಯಿದ್ದರೆ ಆಯುಷ್ಮಾನ್ ಕಾರ್ಡು ಮಾಡಿಸುವುದು ಅರ್ಧ ಗಂಟೆಯ ಕೆಲಸ. ಗ್ರಾಮ ಒನ್ ಕೇಂದ್ರದಲ್ಲಿ ಆಧಾರ್ ಮತ್ತು ಪಡಿತರ ಚೀಟಿ ಕೊಟ್ಟರೆ ಆಗುತ್ತದೆ. ಫೋನ್ ಬಳಸಬಲ್ಲವರು ಆಯುಷ್ಮಾನ್ ಆ್ಯಪ್‌ನಲ್ಲಿ ತಾವೇ ಮಾಡಿಕೊಳ್ಳಬಹುದು. ಕಾರ್ಡು ತಲೆಗೊಂದು, ಐದು ಲಕ್ಷ ಮಾತ್ರ ಇಡೀ ಮನೆಗೆ ಒಂದೇ ಗಂಟು. ಕಾರ್ಡು ಮಾಡಿಸದೆಯೇ ಆಸ್ಪತ್ರೆ ಸೇರಬೇಕಾಗಿ ಬಂದರೂ ಗಾಬರಿ ಬೇಡ. ಪಡಿತರ ಚೀಟಿ, ಆಧಾರ್ ಇದ್ದರೆ ಅಲ್ಲಿಯೇ ಅರ್ಹತೆ ನೋಡಿ ನೋಂದಾಯಿಸುತ್ತಾರೆ.

ಈಗ ಹಳ್ಳಿಗಳಲ್ಲಿ ಇನ್ನೊಂದು ಗೊಂದಲ ಕಾಣುತ್ತಿದೆ. ‘ಆಭಾ’ ಎಂಬ ಕಾರ್ಡನ್ನು ತೋರಿಸಿ, “ನಂದು ಆಯುಷ್ಮಾನ್ ಆಗಿದೆ” ಎನ್ನುತ್ತಾರೆ. ಆಭಾ ಎಂಬುದು ಹದಿನಾಲ್ಕು ಅಂಕಿಯ ಆರೋಗ್ಯ ಗುರುತಿನ ಸಂಖ್ಯೆ. ನಿಮ್ಮ ರಕ್ತ ಪರೀಕ್ಷೆ, ಔಷಧಿ ಚೀಟಿ, ಸ್ಕ್ಯಾನಿಂಗ್ ವರದಿಗಳನ್ನು ಒಂದು ಕಡೆ ಜೋಡಿಸಿಡುವುದಕ್ಕೆ ಇರುವುದು. ಬಡವ, ಬಲ್ಲಿದ ಯಾರು ಬೇಕಾದರೂ ಮಾಡಿಸಬಹುದು. ಆ ಸಂಖ್ಯೆಗೆ ಒಂದು ರೂಪಾಯಿ ಚಿಕಿತ್ಸೆಯೂ ಅಂಟಿಕೊಂಡಿಲ್ಲ. ಹಣ ಕೊಡುವುದು ಬಿಪಿಎಲ್ ಅರ್ಹತೆ. ಎರಡಕ್ಕೂ ‘ಆಯುಷ್ಮಾನ್ ಭಾರತ್’ ಎಂಬ ಹೆಸರು ಅಂಟಿರುವುದರಿಂದ ಜನ ಮೋಸ ಹೋಗುತ್ತಿದ್ದಾರೆ, ಅದು ಜನರ ತಪ್ಪಲ್ಲ.

ಆಸ್ಪತ್ರೆಯ ಮೆಟ್ಟಿಲಲ್ಲಿ

ಯೋಜನೆಯಲ್ಲಿ 1650 ಬಗೆಯ ಚಿಕಿತ್ಸೆಗಳ ಪಟ್ಟಿಯಿದೆ. ಅದರಲ್ಲಿ ತಾಲ್ಲೂಕು ಆಸ್ಪತ್ರೆಯ ವೈದ್ಯರು ದಿನನಿತ್ಯ ಮಾಡುವಂಥವನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಿಸಿಕೊಳ್ಳಬೇಕು. ಕ್ಯಾನ್ಸರ್, ಹೃದಯ, ಮೂತ್ರಪಿಂಡ, ನರಸಂಬಂಧಿ ಕಾಯಿಲೆಗಳಂಥ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. “ನಮ್ಮಲ್ಲಿ ಈ ಸೌಲಭ್ಯ ಇಲ್ಲ, ಇಂಥ ಕಡೆ ಕಳಿಸುತ್ತಿದ್ದೇವೆ” ಎಂಬ ಪತ್ರ. ಇದನ್ನು ತಪ್ಪಿಸಿ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ, ದಾಖಲಾಗಿ, ಎರಡು ದಿನ ಕಳೆದ ಮೇಲೆ ಕಾರ್ಡು ತೆಗೆಯುವವರೇ ಹೆಚ್ಚಾಗಿ ಪೇಚಿಗೆ ಸಿಕ್ಕುವುದು.

ತುರ್ತು ಸ್ಥಿತಿಗೆ ಈ ಕಟ್ಟಳೆ ಇಲ್ಲ. ಹೃದಯಾಘಾತ, ತಲೆಗೆ ಪೆಟ್ಟು, ಸುಟ್ಟ ಗಾಯದಂಥ ಸುಮಾರು 170 ತುರ್ತು ಚಿಕಿತ್ಸೆಗಳಿಗೆ ರೆಫರಲ್ ಇಲ್ಲದೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ‘ನೋಂದಾಯಿತ’ ಎಂಬ ಪದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಊರಿನ ಎಲ್ಲ ನರ್ಸಿಂಗ್ ಹೋಮೂ ಯೋಜನೆಯಲ್ಲಿರುವುದಿಲ್ಲ. ಇರುವ ಆಸ್ಪತ್ರೆಯಲ್ಲೂ ಎಲ್ಲ ವಿಭಾಗ ಇರುವುದಿಲ್ಲ. ಮೂಳೆ ವಿಭಾಗಕ್ಕೆ ನೋಂದಾಯಿಸಿಕೊಂಡು ಹೃದಯಕ್ಕೆ ನೋಂದಾಯಿಸಿಕೊಳ್ಳದಿರಬಹುದು. ನಿಮ್ಮ ಊರಿಂದ ಒಂದು ಗಂಟೆಯ ದಾರಿಯಲ್ಲಿ ಹೃದಯಕ್ಕೆ ಯಾವ ಆಸ್ಪತ್ರೆ, ಅಪಘಾತಕ್ಕೆ ಯಾವುದು ಎಂದು ಇವತ್ತೇ 104 ಆರೋಗ್ಯ ಸಹಾಯವಾಣಿಗೆ ಅಥವಾ 14555ಕ್ಕೆ ಕರೆ ಮಾಡಿ ಕೇಳಿ, ಕ್ಯಾಲೆಂಡರಿನ ಹಿಂದೆ ಬರೆದಿಡಿ. ರಾತ್ರಿ ಎರಡು ಗಂಟೆಗೆ ಆಂಬುಲೆನ್ಸ್‌ನಲ್ಲಿ ಕೂತು ಹುಡುಕುವ ವಿಷಯವಲ್ಲ ಅದು.

ನೋಂದಾಯಿತ ಆಸ್ಪತ್ರೆಯಲ್ಲಿ ‘ಆರೋಗ್ಯ ಮಿತ್ರ’ ಎಂಬ ಸಿಬ್ಬಂದಿ ಇರುತ್ತಾರೆ. ಬಿಲ್ಲಿಂಗ್ ಕೌಂಟರಿಗೆ ಹೋಗುವ ಮೊದಲು ಅವರನ್ನು ಹುಡುಕಿ. ಅವರು ನಿಮ್ಮ ಅರ್ಹತೆ ನೋಡಿ, ವೈದ್ಯರ ವರದಿಯನ್ನು ಟ್ರಸ್ಟಿಗೆ ಕಳಿಸಿ ಪೂರ್ವಾನುಮತಿ ತರಿಸುತ್ತಾರೆ. ಅನುಮತಿ ಬಂದ ಮೇಲೆ ಚಿಕಿತ್ಸೆ, ತುರ್ತಾದರೆ ಚಿಕಿತ್ಸೆ ಮೊದಲು. ಇದು ಪೂರಾ ನಗದುರಹಿತ ಯೋಜನೆ. “ಈಗ ಕಟ್ಟಿಬಿಡಿ, ಆಮೇಲೆ ಸರ್ಕಾರದಿಂದ ವಾಪಸ್ ಬರುತ್ತೆ” ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಿಲ್ಲು ಕಟ್ಟಿ ಆಮೇಲೆ ಹಣ ಪಡೆಯುವ ದಾರಿ ಇಲ್ಲಿ ಇಲ್ಲ. ಒಪ್ಪಿಗೆಯಾದ ಪ್ಯಾಕೇಜಿನಲ್ಲಿ ಶಸ್ತ್ರಚಿಕಿತ್ಸೆ, ಔಷಧಿ, ಸಾಮಾನ್ಯ ವಾರ್ಡ್, ಊಟ ಸೇರಿರುತ್ತವೆ. ದಾಖಲಾಗುವ ಮೊದಲಿನ 3 ದಿನ ಮತ್ತು ಬಿಡುಗಡೆಯ ನಂತರದ 15 ದಿನದ ಪರೀಕ್ಷೆ, ಔಷಧಿಯೂ ಅದರಲ್ಲೇ ಬರುತ್ತದೆ. ಬೇರೆ ರೂಮು ಬೇಕೆಂದು ಕೇಳಿದಿರೋ, ಖರ್ಚು ನಿಮ್ಮದು. ದಾಖಲಾಗದೆ ಬರೀ ಡಾಕ್ಟರಿಗೆ ತೋರಿಸಿ ಬರುವ ಖರ್ಚು ಯೋಜನೆಯಲ್ಲಿಲ್ಲ. ಬಿಪಿ, ಶುಗರ್ ಮಾತ್ರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಹೋಗಬೇಕು.

ಕೊಡಬಾರದ ಹಣ ಕೇಳಿದರೆ ಜಗಳಕ್ಕೆ ನಿಲ್ಲುವ ಬದಲು ರಸೀದಿ ಕೇಳಿ. ಅರ್ಧ ಸಮಸ್ಯೆ ಅಲ್ಲಿಗೆ ಮುಗಿಯುತ್ತದೆ. ಮುಗಿಯದಿದ್ದರೆ 14555, ಅದರ ಮೇಲೆ ಜಿಲ್ಲಾ ಆರೋಗ್ಯಾಧಿಕಾರಿ, ಇನ್ನೂ ಮೇಲೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಕುಂದುಕೊರತೆ ಸಮಿತಿ ಇದೆ.

ಗಡಿಯವರಿಗೆ ಒಂದು ಮಾತು. ಬೆಳಗಾವಿಯವರು ಮೀರಜ್‌ಗೆ, ಬೀದರ್‌ನವರು ಹೈದರಾಬಾದಿಗೆ, ವಿಜಯಪುರದವರು ಸೊಲ್ಲಾಪುರಕ್ಕೆ ಹೋಗುವುದು ರೂಢಿ. ಆಯುಷ್ಮಾನ್ ಯೋಜನೆಯಲ್ಲಿ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಚಿಕಿತ್ಸೆ ಪಡೆಯುವ ಅವಕಾಶವಿದೆ. ಆದರೆ ಹೊರಡುವ ಮೊದಲು ಆ ಆಸ್ಪತ್ರೆಯ ಆಯುಷ್ಮಾನ್ ಕೌಂಟರಿಗೆ ಫೋನ್ ಮಾಡಿ, ನಿಮ್ಮ ಕಾರ್ಡಿನ ಸಂಖ್ಯೆ ಹೇಳಿ ಖಾತ್ರಿ ಮಾಡಿಕೊಳ್ಳಿ.

ಗೆರೆಯ ಆಚೆ ಬಿದ್ದವರಿಗೆ

ಎಪಿಎಲ್ ಆದರೆ ಎಲ್ಲವೂ ಹೋಯಿತೆಂದಲ್ಲ. ಪ್ಯಾಕೇಜ್ ದರದ ಶೇ 30ನ್ನು ಸರ್ಕಾರ ಕೊಡುತ್ತದೆ, ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಉಳಿದ 70 ನಿಮ್ಮದು. ಆ 70 ಕೂಡ ಆಸ್ಪತ್ರೆಯ ಮಾಮೂಲಿ ದರದ 70 ಅಲ್ಲ, ಸರ್ಕಾರ ಕಟ್ಟಿದ ಪ್ಯಾಕೇಜ್ ದರದ್ದು. ಹಾಗಾಗಿ ಎಪಿಎಲ್ ಕಾರ್ಡಿನವರೂ ಆರೋಗ್ಯ ಮಿತ್ರರ ಬಳಿ ಹೋಗದೆ ಬಿಲ್ಲು ಕಟ್ಟಬಾರದು.

ಹಾಲಿನ ಡೇರಿಗೋ ಪತ್ತಿನ ಸಹಕಾರ ಸಂಘಕ್ಕೋ ಸದಸ್ಯರಾಗಿರುವ ರೈತರಿಗೆ ಯಶಸ್ವಿನಿ ಇದೆ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಚಾಲ್ತಿಗೆ ಬಂದ ಯೋಜನೆ. ಮರುಜೀವ ಪಡೆದಾಗ ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದವರಿಗೆ 1000 ರೂಪಾಯಿ ವಂತಿಗೆ ಇಟ್ಟರು. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆಯನ್ನು ಸರ್ಕಾರವೇ ತುಂಬುತ್ತದೆ. ಚಿಕಿತ್ಸೆಯ ಮಿತಿ ಇಲ್ಲೂ 5 ಲಕ್ಷ. ನೋಂದಣಿಗೆ ಕೊನೆಯ ದಿನ ಇರುತ್ತದೆ, ಅದು ಸಂಘದ ಕಾರ್ಯದರ್ಶಿಗೆ ಗೊತ್ತಿರುತ್ತದೆ. ಹಾಲು ಹಾಕುವಾಗ ಕೇಳಿ.

ಇನ್ನು ಗಾರ್ಮೆಂಟ್ಸ್, ಸೆಕ್ಯುರಿಟಿ, ಹೌಸ್‌ಕೀಪಿಂಗ್ ಕೆಲಸದಲ್ಲಿರುವವರು. ತಿಂಗಳ ಸಂಬಳ 21,000 ರೂಪಾಯಿ ಮೀರದಿದ್ದರೆ, ಕಂಪನಿ ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ, ಸಂಬಳದಿಂದ ಶೇ 0.75 ಮುರಿದುಕೊಂಡು ಮಾಲೀಕರು ಶೇ 3.25 ಸೇರಿಸಿ ಕಟ್ಟುತ್ತಾರೆ. ಅದಕ್ಕೆ ಪ್ರತಿಯಾಗಿ ಕೆಲಸಗಾರರಿಗೂ ಮನೆಯವರಿಗೂ ಚಿಕಿತ್ಸೆ, ಐದು ಲಕ್ಷದ ಮಿತಿಯೂ ಇಲ್ಲ. ಹೊರರೋಗಿ ಚಿಕಿತ್ಸೆಯೂ ಸೇರಿದೆ. ಕಾಯಿಲೆ ಬಿದ್ದು ರಜೆ ಹಾಕಿದರೆ ಸಂಬಳದ ಶೇ 70ರಷ್ಟು ವರ್ಷಕ್ಕೆ 91 ದಿನದವರೆಗೆ ಕೊಡುವ ನಿಯಮವೂ ಇದೆ. ಎಷ್ಟೋ ಜನಕ್ಕೆ ಸಂಬಳದ ಚೀಟಿಯಲ್ಲಿ ಇಎಸ್‌ಐ ಎಂದು ಮುರಿದುಕೊಳ್ಳುವ ಹಣ ಯಾತಕ್ಕೆಂದೇ ಗೊತ್ತಿರುವುದಿಲ್ಲ. ಅಪ್ಪ-ಅಮ್ಮನ ಹೆಸರನ್ನು ಅವಲಂಬಿತರ ಪಟ್ಟಿಗೆ ಸೇರಿಸಿಯೂ ಇರುವುದಿಲ್ಲ.

ಹೂವಿನಾಕೆಗೆ ಇದನ್ನೆಲ್ಲ ಹೇಳುವ ಹೊತ್ತಿಗೆ ತಡವಾಗಿತ್ತು. ಆಸ್ಪತ್ರೆಯಲ್ಲಿ ಶೇ 30 ಬಂದಿದೆ, ಉಳಿದದ್ದಕ್ಕೆ ತಾಳಿ ಬಿಚ್ಚಿ ಗಿರವಿ ಇಟ್ಟಿದ್ದಾಳೆ. ಹೊಸ ಕಾರ್ಡಿಗೆ ಅರ್ಜಿ ಹಾಕಲು ಮೊದಲು ಅತ್ತೆಯ ಕಾರ್ಡಿನಿಂದ ಇವರ ಹೆಸರು ತೆಗೆಸಬೇಕು, ಅದಕ್ಕೆ ಅತ್ತೆಯ ಹೆಬ್ಬೆಟ್ಟು ಬೇಕು. ಅತ್ತೆಗೂ ಸೊಸೆಗೂ ಮಾತಿಲ್ಲ.

“ಈ ಸಲ ಗೌರಿ ಹಬ್ಬಕ್ಕೆ ಬಾಗಿನ ಕೊಡೋ ನೆವದಲ್ಲಿ ಹೋಗ್ತೀನಿ ಅಣ್ಣ,” ಎಂದಳು ಮೊನ್ನೆ, ಮೊಳ ಹಾಕುತ್ತ. “ಮಾತಾಡಿಸ್ಲಿ ಬಿಡ್ಲಿ, ಗ್ರಾಮ ಒನ್‌ವರೆಗೆ ಕರ್ಕೊಂಡು ಹೋಗಿ ಬರ್ತೀನಿ.”